ನೀಲಿ ಟಿಕ್ಕಿನ ಅಕ್ಕ

ನನ್ನ ಅಕ್ಕನ ಮೆಸೇಜನ್ನು ನೋಡಿ, ಉತ್ತರ ಕೊಡದೆ, ಆಮೇಲೆ ನೆಮ್ಮದಿಯಿಂದ ಊಟ ಮಾಡಿದವರು ಇಡೀ ಮೂಡಬಿದ್ರೆಯಲ್ಲಿ ಒಬ್ಬರಾದರೂ ಇದ್ದರೆ ನನಗೆ ತೋರಿಸಿ. ಅವರಿಗೆ ಒಂದು ಬ್ಲೌಸ್ ಧರ್ಮಕ್ಕೆ ಹೊಲಿದುಕೊಡುತ್ತೇನೆ. ಗಂಡಸರಾದರೆ ಪೈಜಾಮ! ಹೇಳಿದ ದಿನಕ್ಕೇ ಕೊಡುತ್ತೇನೆ ಎಂದು ಮಾತ್ರ ಹೇಳಲಾರೆ. ಅಂಥದ್ದನ್ನು ಬರೆದರೆ ವಾಮದಪದವಿನ ನನ್ನ ಗಿರಾಕಿಗಳು ನೆಲಕ್ಕೆ ಬಿದ್ದು ನಗುತ್ತಾರೆ.

ನಾನು ಓದಿದ್ದು ಏಳನೇ ಕ್ಲಾಸು. ಅಕ್ಕ ಅದಕ್ಕಿಂತಲೂ ಕಡಿಮೆ, ವಯಸ್ಸಿನಲ್ಲಿ ಮಾತ್ರ ಹತ್ತು ವರ್ಷ ಹೆಚ್ಚು. ಭಾವ ಕತಾರಿನಲ್ಲಿ ಅಡುಗೆ ಕೆಲಸದಲ್ಲಿದ್ದಾರೆ, ಮಕ್ಕಳಿಲ್ಲ. ಕಳೆದ ಸಲ ರಜೆಯಲ್ಲಿ ಬಂದಾಗ ಭಾವ ಅವಳಿಗೊಂದು ದೊಡ್ಡ ಮೊಬೈಲು ಕೊಟ್ಟರು. ಮೆಸೇಜು ಮುಟ್ಟಿದರೆ ಎರಡು ಟಿಕ್ ಬರುತ್ತದೆ, ಆಚೆಯವರು ನೋಡಿದರೆ ಅದು ನೀಲಿಯಾಗುತ್ತದೆ ಎಂದು ಕಲಿಸಿ ವಿಮಾನ ಹತ್ತಿದರು. ಊರಿಗೆ ತಾವೇನು ಮಾಡಿಟ್ಟು ಹೋಗುತ್ತಿದ್ದೇವೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ವಿಮಾನ ಇಳಿದ ಮೇಲೆ ಗೊತ್ತಾಯಿತು: "ನೀಲಿ ಆಗಿ ಏಳು ನಿಮಿಷ ಆಯ್ತು. ಎಲ್ಲಿದ್ದೀರಿ? ಬಾಯಿ ಅಲ್ಲಿಯೇ ವಿಮಾನದಲ್ಲಿ ಬಿಟ್ಟು ಇಳಿದಿರಾ?"

ಅಕ್ಕನ ಕಾನೂನು ಸರಳ. "ಯಾರೋ ಬಾಗಿಲು ಬಡಿದಾಗ ಕಿಟಕಿಯಲ್ಲಿ ಇಣುಕಿ ನೋಡಿ, ಬಾಗಿಲು ತೆಗೆಯದೆ ಒಳಗೆ ಕೂತ ಹಾಗೆ ಅದು. ನೋಡಿದ ಮೇಲೆ ಮಾತಾಡಬೇಕು. ಒಂದು ಹೂಂ ಹೇಳಲಿಕ್ಕೆ ಎಂತ ಕಷ್ಟ?" ಇದನ್ನು ಅವಳು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ಬರುವಷ್ಟರಲ್ಲಿ ಖಾರ ಅರ್ಧ ಇಳಿದಿದೆ.

ಮೊದಲು ಸಿಕ್ಕಿಬಿದ್ದವನು ಮೀನಿನವನು. ಅಕ್ಕ "ಬಂಗುಡೆ ಉಂಟಾ?" ಎಂದು ಬರೆದಳು. ನೀಲಿಯಾಯಿತು. ಉತ್ತರ ಇಲ್ಲ. ಅಕ್ಕ ಸೀರೆಯ ಸೆರಗು ಸಿಕ್ಕಿಸಿ ನೇರ ಮಾರ್ಕೆಟ್ಟಿಗೆ ನಡೆದಳು.

"ಅಕ್ಕ, ಕೈಯಲ್ಲಿ ಮೀನು ಇತ್ತು ಮಾರಾಯ್ರೆ!"

"ಕೈಯಲ್ಲಿ ಮೀನಿದ್ದರೆ ಮೆಸೇಜು ಒತ್ತಿ ನೋಡಿದ್ದು ಹೇಗೆ? ಮೂಗಿನಲ್ಲಾ?"

ಅಂದಿನಿಂದ ಅವನು ಅಕ್ಕನ ಯಾವ ಮೆಸೇಜನ್ನೂ ಓದುವುದಿಲ್ಲ, ಬಂದ ಕೂಡಲೇ "ಉಂಟು" ಎಂದು ಕಳಿಸಿಬಿಡುತ್ತಾನೆ. ಒಮ್ಮೆ ಅಕ್ಕ ಕಾಳಜಿಯಿಂದ "ನಿನ್ನ ಹೆಂಡತಿಗೆ ಜ್ವರ ಬಿಟ್ಟಿತಾ?" ಎಂದು ಕೇಳಿದಳು. ಉತ್ತರ ಬಂತು: "ಉಂಟು ಅಕ್ಕ. ಫ್ರೆಶ್ ಉಂಟು."

ಊರಿಗೆಲ್ಲ ಇಷ್ಟು ನೀಲಿಯ ಲೆಕ್ಕ ಕೇಳುವವಳು ತಾನು ಹೇಗಿದ್ದಾಳೆ ಎನ್ನುತ್ತೀರಿ? ಕಕ್ಕಿಂಜೆಯಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ. ಮಗಳ ಮದುವೆಯ ಕಾಗದವನ್ನು ಫೋಟೋ ತೆಗೆದು ಎಲ್ಲರ ಮೊಬೈಲಿಗೂ ಕಳಿಸಿದ. ನಮ್ಮ ಕಡೆ ಮದುವೆಯ ಹೇಳಿಕೆ ಎಂದರೆ ಮನೆಗೆ ಬಂದು, ಕೂತು, ಬಾಯಿಬಿಟ್ಟು "ಬರಬೇಕು" ಎನ್ನಬೇಕು. ಅಂಚೆಯಲ್ಲಿ ಕಾಗದ ಬಂದರೇ ಮುಖ ಊದುತ್ತದೆ, ಇನ್ನು ಮೊಬೈಲಿನಲ್ಲಿ ಬಂದರೆ? ಅಕ್ಕ ಪರದೆಯ ಮೇಲ್ತುದಿಯಲ್ಲಿ ಅವನ ಹೆಸರು, "ಮದುವೆ" ಎನ್ನುವ ಶಬ್ದ ಇಷ್ಟನ್ನು ನೋಡಿದವಳು ಅದನ್ನು ತೆರೆಯಲೇ ಇಲ್ಲ. ತೆರೆದರೆ ನೀಲಿಯಾಗುತ್ತದೆ, ನೀಲಿಯಾದರೆ ಹೇಳಿಕೆ ಮುಟ್ಟಿದ ಹಾಗೆ! ಹನ್ನೊಂದು ದಿನ ಆ ಮೆಸೇಜು ಬೂದಿ ಬಣ್ಣದಲ್ಲಿ ಬಿದ್ದುಕೊಂಡಿತ್ತು. ಕೊನೆಗೆ ಅವನೇ ಸೋತು, ಎರಡು ಬಸ್ಸು ಬದಲಿಸಿ, ಬೆವರುತ್ತಾ ಮೂಡಬಿದ್ರೆಗೆ ಬಂದ.

"ಅಕ್ಕ, ಕಳಿಸಿ ಎಷ್ಟು ದಿನ ಆಯ್ತು! ನೋಡಲಿಲ್ಲವಾ?"

"ಎಂಥದ್ದು? ನನಗೆ ಎಂತ ಗೊತ್ತು ಮಾರಾಯ, ನಾನು ಓದು ಬರಹ ಇಲ್ಲದವಳು," ಎಂದು ಅಕ್ಕ ಅವನನ್ನು ಕೂರಿಸಿ, ಚಾ ಕೊಟ್ಟು, ಅವನು ಎರಡೂ ಕೈಯಲ್ಲಿ ಕಾಗದ ಕೊಟ್ಟ ಮೇಲೆ ಅವನ ಎದುರಿಗೇ ಮೊಬೈಲು ಒತ್ತಿದಳು. "ಹಾಂ. ಈಗ ನೋಡು ನಿನ್ನದು. ನೀಲಿ!"

ಇಷ್ಟು ನಗಿಸಿದ ಮೇಲೆ ನನ್ನ ವಿಷಯವನ್ನೂ ಹೇಳಬೇಕು. ಅದು ಅಷ್ಟು ನಗುವ ವಿಷಯವಲ್ಲ.

ವಾಮದಪದವಿನ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಬೆಳಗಾದರೆ ಗಿರಾಕಿಗಳ ಮೆಸೇಜು: "ಬ್ಲೌಸ್ ಆಯ್ತಾ?" ನೋಡಿದರೆ ನೀಲಿಯಾಗುತ್ತದೆ. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ, ಏನೆಂದು ಬರೆಯಲಿ? ಟೈಲರಾದವಳಿಗೆ ಗುಟ್ಟು ಎನ್ನುವುದು ಬೇಡವೇ? ಪಕ್ಕದ ಮೊಬೈಲ್ ಅಂಗಡಿಯ ಹುಡುಗಿಯ ಹತ್ತಿರ ಗೋಳಾಡಿದೆ. ಅವಳು ಎಲ್ಲೋ ಒತ್ತಿ, "ಇನ್ನು ನೀವು ನೋಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅವರು ನೋಡಿದ್ದೂ ನಿಮಗೆ ಗೊತ್ತಾಗುವುದಿಲ್ಲ," ಎಂದಳು. ನನಗೆ ಮೊದಲನೆಯ ವಾಕ್ಯವಷ್ಟೇ ಕೇಳಿಸಿತು. ಆ ಸಂತೋಷಕ್ಕೆ ಅವಳ ಬ್ಲೌಸನ್ನು ಎರಡು ದಿನ ಮೊದಲೇ ಹೊಲಿದುಕೊಟ್ಟೆ. ಅದು ನನ್ನ ಅಂಗಡಿಯಲ್ಲಿ ಆವರೆಗೆ ನಡೆಯದ ಪವಾಡ!

ಆದರೆ ನೀಲಿ ಹೋದದ್ದು ಗಿರಾಕಿಗಳಿಗೆ ಮಾತ್ರವಲ್ಲ, ಅಕ್ಕನಿಗೂ ಹೋಯಿತು. "ಊಟಕ್ಕೆ ಎಂತ?", "ಒಂದೇ ಸಮ ಮಿಷನ್ನಿನಲ್ಲಿ ಕೂರಬೇಡ, ಸೊಂಟ ಹೋಗ್ತದೆ." ದಿನಕ್ಕೆ ಇಪ್ಪತ್ತು. ಎಲ್ಲವನ್ನೂ ನೋಡುತ್ತಿದ್ದೆ, ಮನಸ್ಸು ಬಂದರೆ ಎರಡಕ್ಕೆ ಉತ್ತರ. ಅಕ್ಕ ಕೇಳಿದಾಗ, "ಇಲ್ಲಿ ನೆಟ್‌ವರ್ಕ್ ಇಲ್ಲ ಮಾರಾಯ್ತಿ," ಎಂದುಬಿಟ್ಟೆ. ಸ್ವಲ್ಪ ದಿನದಲ್ಲಿ ಅವಳು ಬರೆಯುವುದು ಬಿಟ್ಟು ಮಾತನ್ನೇ ರೆಕಾರ್ಡ್ ಮಾಡಿ ಕಳಿಸತೊಡಗಿದಳು. ನಾಲ್ಕು ನಿಮಿಷದ ಮಾತು, ನಡುವೆ ಒಗ್ಗರಣೆಯ ಸದ್ದು, ಬೆಕ್ಕಿಗೆ ಬೈಗುಳ. ಮಿಷನ್ ತುಳಿಯುತ್ತಾ ಕೇಳಲಿಕ್ಕೆ ರೇಡಿಯೋಗಿಂತ ಚೆಂದ. ಅದನ್ನೂ ಕೇಳುತ್ತಿದ್ದೆ, ಸುಮ್ಮನಿರುತ್ತಿದ್ದೆ.

ಒಂದು ಸೋಮವಾರ ಅಪರೂಪಕ್ಕೆ ಬರೆದ ಮೆಸೇಜು ಬಂತು. "ಬುಧವಾರ ಕಣ್ಣಿನ ಪೊರೆ ತೆಗೆಯುವುದು. ಸಣ್ಣ ಆಪರೇಷನ್. ಪುರುಸೊತ್ತಿದ್ದರೆ ಬಾ."

ಮದುವೆಯ ಸೀಸನ್. ಎದುರಿಗೆ ಹತ್ತೊಂಬತ್ತು ಬ್ಲೌಸು. ಎರಡು ಸಲ ಓದಿದೆ. ನಾಳೆ ಹೇಳಿದರಾಯಿತು, ಅಲ್ಲಿಯವರೆಗೆ ನಾನು ನೋಡಲಿಲ್ಲ ಎಂದುಕೊಳ್ಳುತ್ತಾಳೆ ಎಂದು ಮೊಬೈಲನ್ನು ಬಟ್ಟೆಯ ಅಡಿಗೆ ತಳ್ಳಿದೆ. ಬುಧವಾರವೂ ನೆನಪಾಯಿತು. ಕಾಜಾ ಹಾಕುತ್ತಾ ಕೂತಿದ್ದೆ.

ಗುರುವಾರ ಬೆಳಿಗ್ಗೆ ಅಕ್ಕನ ಮಾತು ಬರಲಿಲ್ಲ. ಒಗ್ಗರಣೆ ಇಲ್ಲ, ಬೆಕ್ಕು ಇಲ್ಲ. "ಅಕ್ಕ, ಹೇಗಿದ್ದಿ?" ಎಂದು ಬರೆದೆ. ಎರಡು ಟಿಕ್, ಬೂದಿ. ನೋಡಿದಳೋ ಇಲ್ಲವೋ? ನೋಡಿಯೂ ಸಿಟ್ಟಿನಲ್ಲಿ ಕೂತಿದ್ದಾಳೋ? ಗೊತ್ತಾಗುವುದಾದರೂ ಹೇಗೆ, ನೀಲಿಯನ್ನು ಬಂದ್ ಮಾಡಿಸಿದವಳು ನಾನೇ ಅಲ್ಲವೇ! ಮಿಷನ್ ಬಿಟ್ಟು, ಅದನ್ನೇ ಒತ್ತಿ ಒತ್ತಿ ನೋಡಿದೆ. ಕೊನೆಗೆ ಫೋನ್ ಮಾಡಿದರೆ ಎತ್ತಿದ್ದು ಪಕ್ಕದ ಮನೆಯವರು. "ನಿಮ್ಮ ಅಕ್ಕ ಮಲಗಿದ್ದಾರೆ. ನಿನ್ನೆ ಆಸ್ಪತ್ರೆಯಲ್ಲಿ ಸಂಬಂಧಿಕರ ಸಹಿ ಬೇಕು ಅಂದರು, ನಾನೇ ತಂಗಿ ಅಂತ ಹೇಳಿ ಹಾಕಿದೆ. ತಪ್ಪು ತಿಳಿಯಬೇಡಿ."

ತಪ್ಪು ತಿಳಿಯುವುದು! ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ಅಕ್ಕ ಮನೆಯೊಳಗೆ ಕಪ್ಪು ಕನ್ನಡಕ ಹಾಕಿ ಪೊಲೀಸ್ ಸಾಹೇಬನ ಹಾಗೆ ಕೂತಿದ್ದಳು. ನನ್ನನ್ನು ಕಂಡದ್ದೇ, "ಬಾ ಬಾ. ನೆಟ್‌ವರ್ಕ್ ಸಿಕ್ಕಿತಾ?" ಎಂದಳು.

"ಅಕ್ಕ, ನಾನು ನೀಲಿ ಬಂದ್ ಮಾಡಿಸಿದ್ದೇನೆ."

"ಗೊತ್ತು."

"ಹೇಗೆ?"

"ನೀನು ನನ್ನ ಮಾತು ಕೇಳಿದರೆ ಅಲ್ಲೊಂದು ಸಣ್ಣ ಮೈಕಿನ ಚಿತ್ರ ನೀಲಿ ಆಗ್ತದೆ. ಅದು ಬಂದ್ ಆಗುವುದಿಲ್ಲ ಮಾರಾಯ್ತಿ. ಬೆಳಿಗ್ಗೆ ಕಳಿಸಿದ್ದನ್ನು ನೀನು ಒಂಬತ್ತೂವರೆಗೆ ಕೇಳ್ತಿ. ಆಗ, ಓ ಅಂಗಡಿ ತೆಗೆದಳು ಅಂತ ನಾನು ಚಾ ಕುಡಿಯುವುದು."

"ಮತ್ತೆ ಯಾಕೆ ಬೈಯಲಿಲ್ಲ? ಮೀನಿನವನನ್ನು ಬಿಡಲಿಲ್ಲ ನೀನು!"

"ಬೈದರೆ ಅದನ್ನೂ ಕೇಳುವುದು ಬಿಡ್ತಿದ್ದಿ."

"ಹಾಗಾದರೆ ಆಪರೇಷನ್ನಿನದ್ದನ್ನು ಯಾಕೆ ಬರೆದು ಕಳಿಸಿದ್ದು? ಬಾಯಿಯಲ್ಲೇ ಹೇಳಬಹುದಿತ್ತಲ್ಲ?"

ಅಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. "ಬಾಯಿಯಲ್ಲಿ ಹೇಳಿದ್ದರೆ ನೀನು ಕೇಳಿದ್ದು ಗೊತ್ತಾಗ್ತಿತ್ತು. ಕೇಳಿಯೂ ಬರಲಿಲ್ಲ ಅಂತ ಗೊತ್ತಿಟ್ಟುಕೊಂಡು ಆ ಟೇಬಲಿನಲ್ಲಿ ಮಲಗಲಿಕ್ಕೆ ನನಗೆ ಆಗುವುದಿಲ್ಲ. ಬರೆದದ್ದಾದರೆ, ನೋಡಲಿಲ್ಲ ಅಂತ ಇರಬಹುದಲ್ಲ. ಹಾಗೆ ಅಂದುಕೊಂಡೇ ಮಲಗಿದ್ದು." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನೋಡಿರಲಿಲ್ಲ ಅಲ್ಲವಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಬ್ಬರಿಗೂ ಸುಖ.

"ನೋಡಿದ್ದೆ ಅಕ್ಕ. ಸೋಮವಾರವೇ ನೋಡಿದ್ದೆ."

ಆ ಕಪ್ಪು ಕನ್ನಡಕದ ಹಿಂದೆ ಏನು ನಡೆಯುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಅವಳು ಕನ್ನಡಕ ತೆಗೆದು, ಮದ್ದಿನ ಬಾಟಲಿಯನ್ನು ನನ್ನ ಕಡೆ ಚಾಚಿದಳು. "ಕೈ ತೊಳೆದು ಬಂದು ಇದನ್ನು ಹಾಕು. ನಾನೇ ಹಾಕಿಕೊಂಡರೆ ಅರ್ಧ ಕಿವಿಗೆ ಹೋಗ್ತದೆ."

ಅವಳ ತಲೆಯನ್ನು ಮಡಿಲಿಗೆ ತೆಗೆದುಕೊಂಡೆ. ಸೂಜಿಗೆ ಒಂದೇ ಸಲಕ್ಕೆ ನೂಲು ಹಾಕುವ ಕೈ ನನ್ನದು, ಆದರೂ ಮೊದಲನೆಯ ಹನಿ ಮೂಗಿನ ಮೇಲೆ ಬಿತ್ತು.

"ಅದು ಮೂಗು. ಕಣ್ಣು ಅದರ ಮೇಲೆ ಉಂಟು," ಎಂದಳು ಅಕ್ಕ.

ಎರಡನೆಯದು ಸರಿಯಾಗಿ ಬಿತ್ತು. ಅವಳು ಕಣ್ಣು ಮುಚ್ಚಿ, ಹಾಗೆಯೇ ಮಲಗಿ, "ಇನ್ನೊಂದು ಕಣ್ಣಿನದ್ದು ಬರುವ ತಿಂಗಳು," ಎಂದಳು. ಅಷ್ಟೇ. ಬಾ ಎಂದು ಹೇಳಲಿಲ್ಲ.

"ಎಷ್ಟು ಗಂಟೆಗೆ ಹೊರಡಬೇಕು?" ಎಂದು ನಾನೇ ಕೇಳಿದೆ.