ವಾಸಣ್ಣನ ಡಬ್ಬಿ ತಣ್ಣಗಾದದ್ದು

ಬುದ್ಧಿವಂತನೆಂದು ಒಮ್ಮೆ ಹೆಸರು ಬಂದುಬಿಟ್ಟರೆ ಮನುಷ್ಯ ಎಷ್ಟು ಹಾನಿ ಮಾಡಿದರೂ ಯಾರೂ ತಡೆಯುವುದಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಮೇಂಟೆನನ್ಸ್ ಇಂಜಿನಿಯರ್ ಆಗಿರುವ ನನಗೆ ಆ ಹೆಸರು ಹೋದ ವರ್ಷ ಬಂತು. ಮನೆಯಲ್ಲಿ ಮಾತ್ರ ಇನ್ನೂ ಬಂದಿಲ್ಲ. ಮಿಕ್ಸಿ ಕೆಟ್ಟರೆ ಹೆಂಡತಿ ನನ್ನನ್ನು ದಾಟಿಕೊಂಡು ಹೋಗಿ ಕೆಳಗಿನ ಅಂಗಡಿಯವನನ್ನು ಕರೆಯುತ್ತಾಳೆ.

ನಮ್ಮಲ್ಲಿ ಬಣ್ಣ ಕಲಸುವ ಹಂಡೆಗೆ ಓಬೀರಾಯನ ಕಾಲದ ಸ್ಲಿಪ್‌ರಿಂಗ್ ಮೋಟರೊಂದಿತ್ತು. ವೇಗ ತಗ್ಗಿಸಲು ಒಂದು ಹಿಡಿಕೆ ತಿರುಗಿಸಬೇಕು. ಆಗ ಹೆಚ್ಚಿನ ವಿದ್ಯುತ್ತು ಪಕ್ಕದ ಜಾಲರಿ ಪೆಟ್ಟಿಗೆಯ ಕಬ್ಬಿಣದ ಪಟ್ಟಿಗಳಲ್ಲಿ ಬರೀ ಕಾವಾಗಿ ಕಳೆದುಹೋಗುತ್ತಿತ್ತು. ಹಿಡಿಕೆಯ ಒಡೆಯ ಉಡುಪಿ ಕಡೆಯ ವಾಸಣ್ಣ. ಹೆಂಡತಿ ತೀರಿಕೊಂಡ ಮೇಲೆ ನಸುಕಿನಲ್ಲಿ ತಾನೇ ಅನ್ನ ಸಾರು ಮಾಡಿ, ಹತ್ತಿರದ ದಿವಾದಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದು, ಡಬ್ಬಿಯನ್ನು ಆ ಪೆಟ್ಟಿಗೆಯ ಮೇಲಿಡುತ್ತಿದ್ದ. ವೇಗ ತಗ್ಗಿದಷ್ಟೂ ಪೆಟ್ಟಿಗೆ ಕಾಯುತ್ತದೆ. ನಿಧಾನವಾಗಿ ಕಲಸುವ ಕೆಲಸ ದಿನಾ ಸರಿಯಾಗಿ ಹನ್ನೆರಡಕ್ಕೇ ಏಕೆ ಬರುತ್ತದೆಂದು ಹೊಳೆಯಲು ನನಗೆ ಮೂರು ವರ್ಷ ಹಿಡಿಯಿತು.

"ಇದು ನಿಯಮಕ್ಕೆ ವಿರುದ್ಧ ವಾಸಣ್ಣ," ಎಂದೆ.

"ಹೌದು ಮಾರಾಯ್ರೆ. ಆದ್ರೆ ಒಬ್ನೇ ಕೂತು ತಣ್ಣಗಿನ ಅನ್ನ ಉಂಡ್ರೆ ಗಂಟಲಲ್ಲಿ ಇಳಿಯೂದಿಲ್ಲ," ಎಂದು ಮುಚ್ಚಳಕ್ಕೆ ಸಾರು ಸುರಿದು ನನ್ನತ್ತ ಚಾಚಿದ. ನಾನು ಕುಡಿದೆ. ನಿಯಮದ ಮಾತು ಮತ್ತೆ ಬರಲಿಲ್ಲ.

ಆಮೇಲೆ ನಾನು ವರದಿ ಬರೆದು ಆ ಮೋಟರಿನ ಬದಲು ಹೊಸ ಎಲೆಕ್ಟ್ರಾನಿಕ್ ಡ್ರೈವ್ ಹಾಕಿಸಿದೆ. ಗುಂಡಿ ಒತ್ತಿದರೆ ಬೇಕಾದ ವೇಗ, ಕಾವಿನ ಪೋಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ನನಗೆ ಶಾಲು ಹೊದೆಸಿದರು. ಪೆಟ್ಟಿಗೆ ಗುಜರಿಗೆ ಹೋಯಿತು, ವಾಸಣ್ಣ ಗೇಟಿನ ಕಾವಲಿಗೆ. "ಪ್ರತ್ಯೇಕ ಆಪರೇಟರ್ ಬೇಕಾಗುವುದಿಲ್ಲ" ಎಂಬ ಸಾಲು ನನ್ನ ವರದಿಯಲ್ಲೇ ಇತ್ತು. ಬರೆಯುವಾಗ ಅದು ಯಾರೆಂದು ನಾನು ಯೋಚಿಸಿರಲಿಲ್ಲ.

ಗೇಟಿನಲ್ಲಿ ಅವನು ಅರ್ಧ ಉಂಡು ಉಳಿದದ್ದನ್ನು ನಾಯಿಗೆ ಹಾಕುತ್ತಿದ್ದ. ತಡೆಯಲಾರದೆ ಕರೆಂಟಿನಲ್ಲಿ ಬಿಸಿಯಾಗುವ ಡಬ್ಬಿಯೊಂದನ್ನು ತಂದುಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಚಂದ ಉಂಟು ಸಾರ್. ಇಲ್ಲಿ ಪ್ಲಗ್ ಇಲ್ಲ," ಎಂದ. ಇಡೀ ಕಾರ್ಖಾನೆಯ ವೈರಿಂಗ್ ನೋಡಿಕೊಳ್ಳುವವನು ನಾನು. ಪ್ಲಗ್ಗಿಗೆ ಅರ್ಜಿ ಹಾಕಿದೆ. ಅದು ಮಂಜೂರಾಗುವ ಮೊದಲೇ ವಾಸಣ್ಣ ಕೆಲಸ ಬಿಟ್ಟ.

ಒಂದು ಭಾನುವಾರ ದಿವಾದ ಅವನ ಮನೆಗೆ ಹೋದೆ. ಒಂದೇ ಕೋಣೆ; ಇದ್ದೊಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಚಹಾ ಮಾಡಿದ.

"ನನ್ನಿಂದ ಹೀಗಾಯಿತು ವಾಸಣ್ಣ."

"ನೀವು ನಿಮ್ಮ ಕೆಲಸ ಮಾಡಿದ್ದು. ಅದ್ರಲ್ಲಿ ತಪ್ಪೆಂಥದ್ದು? ಚಹಾ ಕುಡೀರಿ."

ಅವನು ಬೈಯುತ್ತಾನೆಂದುಕೊಂಡು ರೈಲಿನಲ್ಲಿ ಒಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಪ್ರಗತಿ, ಉಳಿತಾಯ, ದೇಶ ಎಲ್ಲವೂ ಅದರಲ್ಲಿತ್ತು. ಬಹಳ ಒಳ್ಳೆಯ ಉತ್ತರ. ಹೇಳಿಕೊಳ್ಳಲು ಯಾರೂ ಸಿಗದೆ ಇವತ್ತಿಗೂ ನನ್ನ ಹತ್ತಿರವೇ ಇದೆ.