ಸೇಶೆಲ್ಸ್‌ಗೆ ಎರಡು ಸೀಟು

ಗಿಡ್ಡಮ್ಮನ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ, ಸಂಸೆಯ ಆ ಮನೆಯಲ್ಲಿ ಎರಡು ವಾರದ ನಂತರ ಮೊದಲ ಸಲ ಒಗ್ಗರಣೆಗೆ ಈರುಳ್ಳಿ ಬಿತ್ತು. ನೆಂಟರೆಲ್ಲ ಹೋಗಿಯಾಗಿತ್ತು. ಬಾಡಿಗೆಗೆ ತಂದ ಕೊಪ್ಪರಿಗೆಗಳು ಉಂಡು ಸುಸ್ತಾದವರ ಹಾಗೆ ಅಂಗಳದಲ್ಲಿ ಬೋರಲು ಬಿದ್ದಿದ್ದವು. ನಾಗಶ್ರೀ ಉಪ್ಪಿಟ್ಟಿನ ಬಾಣಲೆಗೆ ಸೌಟು ಹಾಕಿದ್ದಳಷ್ಟೆ, ಹಜಾರದ ಫೋನು ಬಡಿದುಕೊಂಡಿತು.

ಅವತ್ತಿನ ಎಲ್ಲ ತಾಪತ್ರಯಕ್ಕೂ ಆ ಫೋನೇ ಮೂಲ.

ಗಿಡ್ಡಮ್ಮ ನಾಗಶ್ರೀಯ ಮಾವನ ಅಕ್ಕ. ಎಂಬತ್ತೆರಡು ವರ್ಷ, ನಾಲ್ಕೂವರೆ ಅಡಿ. ಹೋದ ಮಳೆಗಾಲದಲ್ಲಿ ಟೀವಿಯಲ್ಲಿ ಸೇಶೆಲ್ಸ್ ಎಂಬ ಪುಟ್ಟ ದ್ವೀಪದೇಶವನ್ನು ನೋಡಿದ್ದಳು. ಇಡೀ ದೇಶಕ್ಕೆ ಒಂದು ಲಕ್ಷ ಚಿಲ್ಲರೆ ಜನ, ವರ್ಷವಿಡೀ ಬೆವರು ಸುರಿಸುವ ಬಿಸಿಲು, ಮಂಚದಷ್ಟು ದೊಡ್ಡ ಆಮೆಗಳು.

"ಈ ಸುತ್ತಿನಲ್ಲಿ ನನಗಿಂತ ಹಿರಿಯರು ಅಂತ ಯಾರೂ ಉಳಿದಿಲ್ಲ. ಆ ಆಮೆಗೆ ನೂರೈವತ್ತಂತೆ. ಹೋಗಿ ಒಂದು ನಮಸ್ಕಾರ ಮಾಡಿ ಬರ್ಬೇಕು" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಬೆಳೆಗಾರರನ್ನು ವರ್ಷಕ್ಕೊಂದು ದೇಶಕ್ಕೆ ಕರೆದೊಯ್ಯುವ ಕಳಸದ ಚನ್ನಕೇಶವನನ್ನು ಮನೆಗೇ ಕರೆಸಿ ಎರಡು ಸೀಟು ಹಿಡಿಸಿದಳು. ಒಂದು ತನಗೆ, ಒಂದು ನಾಗಶ್ರೀಗೆ.

"ನೀನೂ ಬಾ. ರವಿಶಂಕರ ಹೋದಾಗಿನಿಂದ ನಿನ್ನ ಮುಖ ನೋಡಿ ನೋಡಿ ನನಗೇ ವಯಸ್ಸಾಯ್ತು."

ಗಂಡ ಹೋಗಿ ಎರಡು ವರ್ಷವಾಗಿತ್ತು. ಯಾರು ಏನು ಹೇಳಿದರೂ ನಾಗಶ್ರೀ ಹೂಂ ಎನ್ನುತ್ತಿದ್ದಳು. ಅನ್ನಕ್ಕೂ ಹೂಂ, ಉಪವಾಸಕ್ಕೂ ಹೂಂ. ಇದಕ್ಕೂ ಹಾಗೇ ಹೂಂ ಎಂದಿದ್ದಳು. ಆದರೆ ರಾಜ್ಯಶಾಸ್ತ್ರದ ಎಂ.ಎ. ಓದುವಾಗ ಸಹ ಓದದಷ್ಟು ಶ್ರದ್ಧೆಯಿಂದ ಆ ದೇಶದ ಬಗ್ಗೆ ಓದತೊಡಗಿದಳು. ದ್ವೀಪಗಳ ಹೆಸರು ಬಾಯಿಪಾಠವಾಯಿತು. ಈ ಎರಡು ವರ್ಷದಲ್ಲಿ ಅವಳಿಗೆ ಬೇಕು ಅನ್ನಿಸಿದ್ದು ಅದೊಂದೇ. ಯಾರಿಗೂ ಹೇಳಿರಲಿಲ್ಲ.

ಈಗ ಫೋನು ತೆಗೆದಾಗ ಹಜಾರದಲ್ಲಿ ಮೂರು ಜನ ಇದ್ದರು. ಅತ್ತೆ ಕಾತ್ಯಾಯಿನಿ ಬೀನ್ಸ್ ಹೆಚ್ಚುತ್ತಿದ್ದಳು. ಪಕ್ಕದ ಮನೆಯ ವಿಮಲಮ್ಮ ಕಾಫಿಗೆ ಬಂದಿದ್ದರು. ಪುರೋಹಿತ ಶಂಭುಭಟ್ಟರು ಹಿಂದಿನ ದಿನ ಮರೆತ ಚೀಲಕ್ಕೆಂದು ಬಂದು ಉಪ್ಪಿಟ್ಟಿನ ಪರಿಮಳಕ್ಕೆ ಕೂತಿದ್ದರು. ಆ ಫೋನಿನಲ್ಲಿ ಆಚೆಯವರ ಮಾತು ಅಂಗಳದ ನಾಯಿಗೂ ಕೇಳಿಸುತ್ತಿತ್ತು.

"ಮೇಡಂ, ಟೂರ್ ಆಫೀಸಿಂದ ಮೋನಿಕಾ. ಗಿಡ್ಡಮ್ಮ ಅವರ ವಿಷಯ ಗೊತ್ತಾಯ್ತು, ಸಾರಿ. ಇವತ್ತು ಒಂದು ಗಂಟೆಗೆ ಹೆಸರಿನ ಪಟ್ಟಿ ಕಳಿಸ್ಬೇಕು, ಆಮೇಲೆ ಏನೂ ಬದಲಾಯಿಸೋಕಾಗಲ್ಲ. ನೀವು ಹೊರಡ್ತೀರಾ?"

ಬೀನ್ಸ್ ಹೆಚ್ಚುವ ಸದ್ದು ನಿಂತಿತು.

"ಛೆ ಛೆ, ಈಗ ನಾನೆಲ್ಲಿ ಹೊರಡ್ಲಿ? ಬೇಡಮ್ಮ."

"ಓಕೆ ಮೇಡಂ, ಥ್ಯಾಂಕ್ ಯೂ."

ಮೋನಿಕಾ ಫೋನು ಇಟ್ಟೇಬಿಟ್ಟಳು. ನಾಗಶ್ರೀ ರಿಸೀವರ್ ಹಿಡಿದು ಹಾಗೇ ನಿಂತಳು. ಈ ಕಡೆ ಮೊದಲ 'ಬೇಡ' ಎನ್ನುವುದು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ. ಅಷ್ಟಕ್ಕೇ ವಾಪಸು ಹೋದರೆಂದು ಯಾರೂ ತಿಳಿಯುವುದಿಲ್ಲ. ಕೇಳುವವರು ಎರಡನೆಯ ಸಲ ಕೇಳಬೇಕು, ಇವರು ಇನ್ನೊಮ್ಮೆ ಬೇಡ ಅನ್ನಬೇಕು, ಮೂರನೆಯ ಸಲ ಕೇಳಿದಾಗ 'ಅಷ್ಟು ಹೇಳ್ತೀರಿ ಅಂತ' ಒಪ್ಪಬೇಕು. ಕಾಫಿಗೂ ಇದೇ ಕ್ರಮ, ಹೆಣ್ಣು ಕೊಡುವುದಕ್ಕೂ ಇದೇ ಕ್ರಮ. ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ರೂಮಿನವಳು ಒಂದೊಂದೇ ಸಲ ಕೇಳಿದ್ದರಿಂದ ನಾಗಶ್ರೀ ಮೂರು ದಿನ ಕಾಫಿಯಿಲ್ಲದೆ ತಲೆನೋವು ಬರಿಸಿಕೊಂಡಿದ್ದಳು. ಆದರೂ ಬುದ್ಧಿ ಬಂದಿರಲಿಲ್ಲ.

"ಒಳ್ಳೇದಾಯ್ತು ಬಿಡು. ಸಾವಾದ ಮನೆಯವರು ಸಮುದ್ರ ದಾಟೋದಾ?" ಎಂದಳು ಅತ್ತೆ.

"ವರ್ಷ ತುಂಬೋ ತನಕ ದಾಟಲೇ ಕೂಡದು" ಎಂದರು ಭಟ್ಟರು.

"ಹಳ್ಳ ದಾಟೋದೂ ಬೇಡ ಅಂತಾರೆ" ವಿಮಲಮ್ಮ ಸೇರಿಸಿದರು.

"ಅಷ್ಟೆಲ್ಲ ಇಲ್ಲ ವಿಮಲಮ್ಮ. ಹಳ್ಳ ದಾಟದೆ ನಾನು ಊಟಕ್ಕೆ ಬರೋದು ಹೇಗೆ?" ಎಂದರು ಭಟ್ಟರು.

ಇವರೆದುರು ಮತ್ತೆ ಫೋನು ಮಾಡುವಂತಿರಲಿಲ್ಲ. ನಾಗಶ್ರೀ ರಿಸೀವರ್ ಇಟ್ಟಳು. "ಅತ್ತೆ, ಟೈಲರ್ ಹತ್ರ ರವಿಕೆ ಕೊಟ್ಟಿದ್ದೆ. ಕಳಸಕ್ಕೆ ಹೋಗಿ ತರ್ತೀನಿ."

"ಇವತ್ತೇನು ಅವಸರ ಮಾರಾಯ್ತಿ?" ಎಂದರೂ ಅತ್ತೆ ಇಂಗು, ಕರ್ಪೂರ, ಟಾರ್ಚಿನ ಸೆಲ್ಲು ಎಂದು ಪಟ್ಟಿ ಹೇಳದೆ ಬಿಡಲಿಲ್ಲ. ಭಟ್ಟರೂ "ನನಗೂ ಅತ್ಲಾಗೆ ಕೆಲಸ ಉಂಟು" ಎಂದು ಎದ್ದರು.

ಗುರುವಯ್ಯನ ಜೀಪು ಬರುವಾಗ ಹನ್ನೊಂದು ದಾಟಿತ್ತು. ಹತ್ತು ಜನರ ಜೀಪಿನಲ್ಲಿ ಹದಿನಾರು ಜನ, ನಾಲ್ಕು ಮೂಟೆ ಕಾಳುಮೆಣಸು. ನಾಗಶ್ರೀ ಮೂಟೆಗಳ ನಡುವೆ ಇನ್ನೊಂದು ಮೂಟೆಯಾಗಿ ಕೂತಳು. ಎರಡನೆಯ ತಿರುವಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕಿತು. ಟೂರ್ ಆಫೀಸಿನ ನಂಬರು ಎಂಗೇಜು. ಮೂರನೆಯ ತಿರುವಿನಲ್ಲೂ ಎಂಗೇಜು. ನಾಲ್ಕನೆಯದರಲ್ಲಿ ಸಿಗ್ನಲ್ಲೇ ಇಲ್ಲ.

ಮುಂದಿನ ಸೀಟಿನಿಂದ ಭಟ್ಟರು ಕತ್ತು ತಿರುಗಿಸಿದರು. "ಅಲ್ಲ ನಾಗಶ್ರೀ, ಆ ಎರಡು ಸೀಟು ಸುಮ್ಮನೆ ದಂಡ ಆಗ್ತದಾ?"

"ಆಗ್ತದೆ ಭಟ್ರೇ."

ಎರಡು ತಿರುವು ಕಳೆದ ಮೇಲೆ ಭಟ್ಟರು ಮತ್ತೆ ಕತ್ತು ತಿರುಗಿಸಿದರು. "ಶಾಸ್ತ್ರದಲ್ಲಿ ಒಂದು ದಾರಿ ಉಂಟು. ವೇದ ಬಲ್ಲವರು ಜೊತೆಗಿದ್ದರೆ ಸಮುದ್ರ ದಾಟಿದ ದೋಷ ತಟ್ಟೋದಿಲ್ಲ."

"ಯಾವ ಶಾಸ್ತ್ರದಲ್ಲಿ?"

"ಹುಡುಕಿದ್ರೆ ಸಿಗ್ತದೆ."

"ಭಟ್ರಿಗೆ ಪಾಸ್‌ಪೋರ್ಟ್ ಉಂಟಾ?" ಗುರುವಯ್ಯ ಗೇರು ಬದಲಾಯಿಸುತ್ತ ಕೇಳಿದ.

"ಆಧಾರ್ ಉಂಟು."

"ಅದರಲ್ಲಿ ಹೊರನಾಡು ದೇವಸ್ಥಾನದ ತನಕ ಹೋಗಬಹುದು."

ಜೀಪಿಗೆ ಜೀಪೇ ನಕ್ಕಿತು. ನಾಗಶ್ರೀಗೂ ನಗು ಬಂತು. ಬಂದದ್ದೇ ಅವಳಿಗೆ ಧೈರ್ಯವೂ ಬಂತು. "ಗುರುವಯ್ಯ, ನಾನು ಹೋಗ್ಬೇಕು ಅಂತಿದ್ದೀನಿ. ಒಂದು ಗಂಟೆಯೊಳಗೆ ಆ ಆಫೀಸು ಮುಟ್ಟಬೇಕು."

"ಅದನ್ನ ಮೊದಲೇ ಹೇಳೋದಲ್ವಾ ಅಮ್ಮ!" ಎಂದು ಗುರುವಯ್ಯ ಜೀಪನ್ನು ಎಷ್ಟು ಜೋರಾಗಿ ಓಡಿಸಿದನೆಂದರೆ ಕಳಸ ಇನ್ನೂ ಎರಡು ಕಿಲೋಮೀಟರ್ ಇರುವಾಗ ಹಿಂದಿನ ಚಕ್ರ ಢಂ ಎಂದಿತು. ಸ್ಟೆಪ್ನಿ ನಾಲ್ಕೂ ಮೂಟೆಗಳ ಅಡಿಯಲ್ಲಿತ್ತು. ಮೂಟೆಗಳ ಮೇಲೆ ಕೂತವರು ಯಾರು ಮೊದಲು ಇಳಿಯಬೇಕು ಎಂದು ಚರ್ಚೆ ಶುರುವಾಯಿತು. ಗಂಟೆ ಹನ್ನೆರಡೂಕಾಲು.

ನಾಗಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು. ನಡಿಗೆ ಓಟವಾಯಿತು. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಎರಡನ್ನೂ ಕೈಯಲ್ಲಿ ಹಿಡಿದು ಓಡಿದಳು. ಸಾವಿನ ಮನೆಯ ಸೊಸೆ ಬರಿಗಾಲಲ್ಲಿ ಓಡುವುದನ್ನು ಕಂಡ ಅಂಗಡಿಯವರೆಲ್ಲ ಹೊರಗೆ ಬಂದರು.

"ಅಯ್ಯೋ, ಮತ್ಯಾರು ಹೋದ್ರು ತಂಗಿ?"

"ಯಾರೂ ಹೋಗಿಲ್ಲ, ನಾನೇ ಹೋಗ್ಬೇಕು!" ಎಂದು ಕೂಗಿ ಮುಂದೆ ಓಡಿದಳು. ಹಿಂದಿನಿಂದ ಯಾರೋ "ರಾಮ ರಾಮ" ಎಂದದ್ದು ಕೇಳಿಸಿತು.

ಆಫೀಸಿನ ಮೆಟ್ಟಿಲು ಹತ್ತಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತು. ಬೆಂಗಳೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಮೋನಿಕಾ ಗಾಬರಿಯಾಗಿ ಎದ್ದಳು.

"ಮೇಡಂ, ನೀರು ಬೇಕಾ?"

"ಬೇಕು! ನೀರೂ ಬೇಕು, ಸೀಟೂ ಬೇಕು!"

ಹುಟ್ಟಿದಾಗಿನಿಂದ ಅವಳು ಒಂದೇ ಸಲಕ್ಕೆ ಬೇಕು ಎಂದದ್ದು ಅದೇ ಮೊದಲು. ಒಳಗಿನಿಂದ ಚನ್ನಕೇಶವ ಓಡಿ ಬಂದ.

"ನೋಡಿದ್ಯಾ ಮೋನಿಕಾ? ನಮ್ಮ ಕಡೆಯವರ ಮೊದಲ ಬೇಡ ಲೆಕ್ಕಕ್ಕಿಲ್ಲ ಅಂತ ಹೇಳಿರ್ಲಿಲ್ವಾ? ಕೂತ್ಕೊಳ್ಳಿ ನಾಗಶ್ರೀಯವ್ರೇ. ಈ ಹುಡುಗಿ ಒಂದೇ ಸಲ ಕೇಳಿ ಬಿಟ್ಟಳು ಅಂತ ಗೊತ್ತಾದ ಕೂಡಲೇ ನಾನೇ ನಿಮ್ಮ ಮನೆಗೆ ಫೋನ್ ಮಾಡಿದೆ. ನೀವು ಹೊರಟಾಗಿತ್ತು. ನಿಮ್ಮ ಅತ್ತೆಯವ್ರು ತಗೊಂಡ್ರು."

"ಅತ್ತೆ ಏನಂದ್ರು?"

"ನಿಮ್ಮನ್ನ ಕಳಿಸಿಕೊಡಿ ಅಂದೆ. ಅವಳೇ ಬಾಯಿಬಿಟ್ಟು ಬೇಡ ಅಂದಿದ್ದಾಳೆ, ಮೂರು ಜನ ಕೇಳಿದ್ದೇವೆ ಅಂದ್ರು. ನನಗೂ ಬೇಜಾರಾಯ್ತು. ಸೀಟು ದಂಡ ಆಗ್ತದಲ್ಲಮ್ಮ, ಹಾಗಾದ್ರೆ ನೀವೇ ಬನ್ನಿ ಅಂದೆ. ಮಾತಿಗೆ ಅಂದದ್ದು ಮಾರಾಯ್ರೆ."

"ಬೇಡ ಅಂದ್ರಲ್ಲ?"

"ಅಂದ್ರು. ಹಿರಿಯರು, ಅಷ್ಟಕ್ಕೇ ಬಿಟ್ರೆ ಚೆಂದ ಅಲ್ಲ ಅಂತ ಇನ್ನೊಂದು ಸಲ ಕೇಳಿದೆ. ಆಗಲೂ ಬೇಡ ಅಂದ್ರು. ಮತ್ತೆ ಕ್ರಮ ಉಂಟಲ್ಲ..." ಚನ್ನಕೇಶವ ತಲೆ ಕೆರೆದುಕೊಂಡ. "ಮೂರನೇ ಸಲ ಕೇಳಿದೆ."

ನಾಗಶ್ರೀ ನೀರಿನ ಲೋಟ ಕೆಳಗಿಟ್ಟಳು.

"'ಅಷ್ಟು ಹೇಳ್ತೀರಿ ಅಂತ ಬರ್ತೀನಿ' ಅಂದ್ರು. ಇನ್ನೊಂದು ಸೀಟಿಗೆ ಪಕ್ಕದಲ್ಲಿದ್ದ ವಿಮಲಮ್ಮನವರನ್ನ ಕೇಳೋ ಮೊದಲೇ ಅವ್ರು ಹೂಂ ಅಂದ್ರು. ಹೋದ ವರ್ಷ ಶ್ರೀಲಂಕಾಕ್ಕೆ ಹೊರಟು, ಕಾಫಿ ಅರಳಿಸೋ ಹೂಮಳೆ ಬೇಗ ಬಿದ್ದು, ತೋಟದ ಕೆಲಸ ಅಂತ ಪ್ರಯಾಣ ನಿಂತುಹೋಯ್ತಲ್ಲ, ಆಗ ಕೊಟ್ಟ ಅವರಿಬ್ಬರ ಪಾಸ್‌ಪೋರ್ಟೂ ನಮ್ಮ ಕಪಾಟಿನಲ್ಲೇ ಉಂಟು. ಹನ್ನೆರಡೂವರೆಗೇ ಪಟ್ಟಿ ಕಳಿಸಿಬಿಟ್ಟೆ."

"ಸಮುದ್ರ ದಾಟಬಾರದು ಅಂತಿದ್ರಲ್ಲ?"

"ನಾನೂ ಕೇಳಿದೆ. ವಿಮಾನದಲ್ಲಿ ಕಾಲಿಗೆ ನೀರು ತಾಗೋದಿಲ್ವಂತೆ."

ಸಂಜೆ ಮನೆಗೆ ಬಂದಾಗ ಅತ್ತೆ ಅಂಗಳದಲ್ಲೇ ಕಾಯುತ್ತಿದ್ದಳು. "ಅವ್ನು ಬಿಡಲೇ ಇಲ್ಲ ಮಾರಾಯ್ತಿ. ಆಮೆಗೆ ನಮಸ್ಕಾರ ಮಾಡ್ಬೇಕು ಅಂತ ಗಿಡ್ಡಮ್ಮನಿಗೆ ಆಸೆ ಇತ್ತು. ಯಾರಾದ್ರೂ ತೀರಿಸ್ಬೇಕಲ್ಲ. ನಿನಗೆ ಹೇಗೂ ಮನಸ್ಸಿರ್ಲಿಲ್ಲ... ರವಿಕೆ ಎಲ್ಲಿ?"

"ಹೊಲಿದಾಗಿಲ್ಲ."

"ಹಾಂ, ಗಿಡ್ಡಮ್ಮ ಈ ಪ್ರಯಾಣಕ್ಕೆ ಅಂತ ವಿಮಲಮ್ಮನ ಸೂಟ್‌ಕೇಸು ಕೇಳಿ ತಂದಿದ್ಳಂತೆ. ಅವಳಿಗೀಗ ಬೇಕಲ್ಲ. ಕೊಟ್ಟು ಬಾ."

ಅದು ಗಿಡ್ಡಮ್ಮನ ಮಂಚದ ಅಡಿಯಲ್ಲಿತ್ತು. ಕೆಂಪು ಬಣ್ಣದ್ದು, ಸತ್ತವಳ ಎದೆಮಟ್ಟ. ತೆರೆದರೆ ಆಗಲೇ ತುಂಬಿಸಿ ಇಟ್ಟಿದ್ದಳು: ನಾಲ್ಕು ಹತ್ತಿ ಸೀರೆ, ಅವಲಕ್ಕಿ, ಉಪ್ಪಿನಕಾಯಿ ಡಬ್ಬಿ, 'ಆಮೆಗೆ' ಎಂದು ನಡುಗುವ ಅಕ್ಷರದಲ್ಲಿ ಬರೆದ ಬೆಲ್ಲದ ಪೊಟ್ಟಣ. ನಾಗಶ್ರೀ ಒಂದೊಂದನ್ನೇ ತೆಗೆದು ಮಂಚದ ಮೇಲಿಟ್ಟಳು. ಬೆಲ್ಲವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಖಾಲಿ ಸೂಟ್‌ಕೇಸನ್ನು ಗಡಗಡನೆ ಎಳೆದುಕೊಂಡು ಬೇಲಿ ದಾಟಿದಳು.

ವಿಮಲಮ್ಮ ಆಗಲೇ ಜಗಲಿಯ ತುಂಬ ಸೀರೆ ಹರಡಿಕೊಂಡು ಕೂತಿದ್ದರು.

"ಬಾ ಬಾ. ನನಗೂ ನಿನ್ನ ಅತ್ತೆಗೂ ಆ ದೇಶದ ತಲೆಬುಡ ಗೊತ್ತಿಲ್ಲ. ನೀನು ಎಲ್ಲ ಓದಿದ್ದೀಯಲ್ಲ. ಅಲ್ಲಿ ಹವೆ ಹೇಗೆ ಮಾರಾಯ್ತಿ?"

ನಾಗಶ್ರೀ ಸೂಟ್‌ಕೇಸನ್ನು ಅವರ ಮುಂದೆ ನೆಟ್ಟಗೆ ನಿಲ್ಲಿಸಿದಳು.

"ಭಾರೀ ಚಳಿ ವಿಮಲಮ್ಮ."

"ಹೌದಾ! ಒಂದು ಸ್ವೆಟರ್ ಸಾಕಾ?"

"ಮೂರು ಇಟ್ಕೊಳ್ಳಿ" ಎಂದು ನಾಗಶ್ರೀ ಬೀಗದ ಕೈಯನ್ನು ಅವರ ಅಂಗೈಗೆ ಹಾಕಿದಳು. "ಅತ್ತೆಯ ಕಂಬಳಿಗೂ ಸ್ವಲ್ಪ ಜಾಗ ಬಿಡಿ."