ವಾಸನೆ ನಿವಾರಣಾ ವಿಭಾಗ ಉಳಿದುಕೊಂಡ ಬಗೆ

ನಗರಸಭೆಯ ನೆಲಮಹಡಿಯ ಶೌಚಾಲಯದಲ್ಲಿ ಪೈಪು ಒಡೆದಿದೆ ಎಂಬುದನ್ನು ನಗರಸಭೆ ಎಂದೂ ಅಲ್ಲಗಳೆದಿಲ್ಲ. ಅದು ಒಡೆದಿರುವುದು ಗೋಡೆಯ ಒಳಗೆ. ಪೈಪು ನೀರಿನ ವಿಭಾಗದ್ದು, ಗೋಡೆ ಕಟ್ಟಡ ವಿಭಾಗದ್ದು. ಗೋಡೆ ಒಡೆಯದೆ ಪೈಪು ಮುಟ್ಟುವಂತಿಲ್ಲ. ಪೈಪು ಸೋರುತ್ತಿರುವಾಗ ಗೋಡೆ ಒಡೆಯುವಂತಿಲ್ಲ. ಎರಡೂ ವಿಭಾಗಗಳು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಕೊನೆಗೆ ಉಳಿದದ್ದು ವಾಸನೆ ಮಾತ್ರ. ಅದು ಯಾರಿಗೂ ಸೇರಿರಲಿಲ್ಲವಾಗಿ, ವಾಸನೆ ನಿವಾರಣಾ ವಿಭಾಗವನ್ನು ತೆರೆಯಲಾಯಿತು.

ಹಳೆಯದೊಂದು ನೆಗಡಿಯಲ್ಲಿ ಮೂಗಿನ ಶಕ್ತಿಯನ್ನು ಪೂರ್ತಿ ಕಳೆದುಕೊಂಡಿದ್ದ ಗುಮಾಸ್ತರೊಬ್ಬರು ಅದರ ಅಧೀಕ್ಷಕರಾದರು. ವಾಸನೆ ತಿಳಿಯದವರು ವಾಸನೆಯ ವಿಷಯದಲ್ಲಿ ಪಕ್ಷಪಾತ ಮಾಡಲಾರರು ಎಂಬುದು ಆಯ್ಕೆ ಸಮಿತಿಯ ಅಭಿಪ್ರಾಯ. ಕಚೇರಿಯವರು ಅವರನ್ನು ಮೂಗುಸಾಹೇಬರು ಎಂದು ಕರೆಯತೊಡಗಿದರು. ಅಲ್ಲಿಯವರೆಗಿನ ಸೇವೆಯನ್ನೆಲ್ಲ ಅವರು ಪಡಸಾಲೆಯಲ್ಲಿ, ಹೋಗಿಬರುವವರ ಮೊಣಕೈ ತಾಗಿಸಿಕೊಳ್ಳುತ್ತ ಕಳೆದಿದ್ದರು. ಈಗ ಸ್ವಂತ ಕೋಣೆ, ಕೋಣೆಗೊಂದು ಬಾಗಿಲು. ಮೊದಲ ದಿನ ಅವರು ಆ ಬಾಗಿಲನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಬಿಟ್ಟು ಬೇರೆ ಕೆಲಸ ಮಾಡಲಿಲ್ಲ. ಅವರ ಕೈಕೆಳಗೆ ಕಸ ಗುಡಿಸುವ ಹೆಂಗಸೊಬ್ಬಳು ಇದ್ದಳು. ಎಲ್ಲರಿಗೂ ಅವಳು ಅಕ್ಕ. ವಿಭಾಗ ಇರುವಷ್ಟು ದಿನ ಅವಳ ಕೆಲಸ.

ಸಾಹೇಬರು ಸೋಮಾರಿಯಲ್ಲ. ಜಿಯೊಲೈಟ್ ಎಂಬ ಖನಿಜವೊಂದಿದೆ, ಜ್ವಾಲಾಮುಖಿಯ ಬೂದಿಯಿಂದ ಆಗುವಂಥದ್ದು, ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು ಎಂದು ಓದಿ ತಿಳಿದುಕೊಂಡರು. ಅದು ಗಡಸು ನೀರನ್ನು ಮೆದು ಮಾಡುತ್ತದೆ, ಕೊಟ್ಟಿಗೆಯ ನಾತವನ್ನು ಹೀರುತ್ತದೆ, ಇಷ್ಟಾಗಿಯೂ ಬಡ್ತಿ ಕೇಳುವುದಿಲ್ಲ. ಆ ಕಲ್ಲುಗಳನ್ನು ಕೂಡಲೇ ತರಿಸಿ, ಶೌಚಾಲಯದಲ್ಲಿಡಲು ತಟ್ಟೆಗಳಲ್ಲಿ ತುಂಬಿಸಿದರು. ಕಲ್ಲು ಖರೀದಿಗೆ ನಗರಸಭೆಯಲ್ಲಿ ಇದ್ದದ್ದು ಶಂಕುಸ್ಥಾಪನೆಯ ಬಾಬತ್ತು ಒಂದೇ ಆದ್ದರಿಂದ, ಅಧ್ಯಕ್ಷರು ಶೌಚಾಲಯಕ್ಕೆ ಬಂದು ಮೊದಲ ತಟ್ಟೆಯ ಕಲ್ಲಿಗೆ ಶಂಕುಸ್ಥಾಪನೆ ನೆರವೇರಿಸಿ, ಉಸಿರು ಬಿಗಿಹಿಡಿದು ಚುಟುಕಾಗಿ ಭಾಷಣ ಮಾಡಿದರು.

ಕೆಲವೇ ದಿನಗಳಲ್ಲಿ ವಾಸನೆ ಮಾಯವಾಯಿತು. ಮುಖ್ಯಾಧಿಕಾರಿಗಳು ಮೂಗುಸಾಹೇಬರನ್ನು ಕರೆಸಿ ಕೈಕುಲುಕಿದರು, ನಂತರ ಆದೇಶ ಓದಿದರು: "ಸದರಿ ಕಟ್ಟಡದಲ್ಲಿ ವಾಸನೆ ಇಲ್ಲದಿರುವುದರಿಂದ ಸದರಿ ವಿಭಾಗದ ಅಗತ್ಯ ಕಂಡುಬರುವುದಿಲ್ಲ. ಈ ಸಾಧನೆಗಾಗಿ ವಿಭಾಗವನ್ನು ಅಭಿನಂದಿಸಿ ಮುಚ್ಚತಕ್ಕದ್ದು." ಪರಿಶೀಲನಾ ಸಮಿತಿ ಬಂದು ಮೂಸಿ ನೋಡಿ ಒಪ್ಪಿಗೆ ಕೊಡುವುದಷ್ಟೇ ಬಾಕಿ.

ಸಾಹೇಬರಿಗೆ ಊಟ ಸೇರಲಿಲ್ಲ. ಮತ್ತೆ ಪಡಸಾಲೆ, ಮತ್ತೆ ಮೊಣಕೈಗಳು. ಹೆಂಡತಿ ವಿಚಾರಿಸಿ ಎಲ್ಲ ಕೇಳಿಕೊಂಡಳು.

"ಅಲ್ಲಾರೀ, ಆವತ್ತೇ ಆ ಪೈಪು ರಿಪೇರಿ ಮಾಡಿಸಿದ್ರೆ ಆಗ್ತಿರ್ಲಿಲ್ವಾ?"

"ಪೈಪು ನಮ್ಮ ವಿಭಾಗಕ್ಕೆ ಬರಲ್ಲ ಕಣೇ," ಎಂದರು ಸಾಹೇಬರು. ಕಚೇರಿಯ ವಿಷಯ ಮನೆಯವರಿಗೆ ಅರ್ಥವಾಗುವುದಿಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಮರುದಿನ ಅಕ್ಕ, ಹೇಗೂ ವಿಭಾಗ ಮುಚ್ಚುತ್ತದಲ್ಲ, ಕಲ್ಲುಗಳನ್ನು ಒಣಗಿಸಿ ಕಟ್ಟಿಡೋಣವೆಂದು ತಟ್ಟೆಗಳನ್ನು ತಾರಸಿಯ ಬಿಸಿಲಿಗಿಟ್ಟಳು. ಮಧ್ಯಾಹ್ನ ಮೇಲಿನ ಮಹಡಿಯ ಲೆಕ್ಕ ವಿಭಾಗದವರು ಒಬ್ಬೊಬ್ಬರಾಗಿ ಕೆಳಗಿಳಿದು ಬೀದಿಗೆ ಹೋಗಿ ನಿಂತರು. ಸಾಹೇಬರು ತಾರಸಿಗೆ ಓಡಿದರು. ಬಿಸಿ ತಾಗಿದರೆ ಜಿಯೊಲೈಟ್ ಹೀರಿದ್ದನ್ನು ಬಿಟ್ಟುಕೊಡುತ್ತದೆ, ಆಮೇಲೆ ಮತ್ತೆ ಹೀರಲು ತಯಾರಾಗುತ್ತದೆ ಎಂದು ಓದಿದ್ದು ಅವರಿಗೆ ನೆನಪಾಯಿತು.

"ನಾತ ಬರ್ತಿದೆಯಾ ಅಕ್ಕ?"

"ಕಣ್ಣಲ್ಲಿ ನೀರು ಬರ್ತಿದೆ ಸಾರ್."

ಸಾಹೇಬರ ಕಣ್ಣಲ್ಲೂ ನೀರು ಬಂತು. ಅವರದಕ್ಕೆ ಕಾರಣ ಬೇರೆ.

ಸಮಿತಿ ಬಂದ ದಿನ ಶೌಚಾಲಯದ ಪಕ್ಕದ ಕೋಣೆಯಲ್ಲಿ ಒಲೆ ಹಚ್ಚಿ ಕಲ್ಲುಗಳನ್ನು ಹದವಾಗಿ ಕಾಯಿಸಲಾಯಿತು. ಸಮಿತಿಯ ಹಿರಿಯರು ಒಳಗೆ ಕಾಲಿಟ್ಟವರೇ ಹೊರಗೆ ಬಂದು, ಕಾರಿನ ಗಾಜು ಏರಿಸಿಕೊಂಡು ವರದಿ ಹೇಳಿ ಬರೆಸಿದರು. ವಾಸನೆ ತೃಪ್ತಿಕರವಾಗಿ ಮುಂದುವರಿದಿದೆ, ವಿಭಾಗವನ್ನು ಕಾಯಂ ಮಾಡಿ ಬಲಪಡಿಸತಕ್ಕದ್ದು ಎಂದಿತ್ತು ವರದಿ. ಅಕ್ಕನ ಕೆಲಸವೂ ಕಾಯಂ ಆಯಿತು. ಅವಳ ಹುದ್ದೆಗೆ ಈಗ ಉಷ್ಣ ಸಹಾಯಕಿ ಎಂದು ಹೆಸರು.

ಮುಂಬಾಗಿಲಲ್ಲಿ ಪ್ರಕಟಣೆ ಬಿತ್ತು: "ಸಾರ್ವಜನಿಕರ ಗಮನಕ್ಕೆ. ಬುಧವಾರ ಕಲ್ಲುಗಳು ಬಿಡುವ ದಿನ, ಉಳಿದ ದಿನಗಳು ಹೀರುವ ದಿನಗಳು. ಬಿಡುವ ದಿನ ಬರುವವರು ಉಸಿರಾಟದ ವ್ಯವಸ್ಥೆಯನ್ನು ತಾವೇ ಮಾಡಿಕೊಂಡು ಬರತಕ್ಕದ್ದು." ಜನ ತಕರಾರು ಮಾಡಲಿಲ್ಲ. ಬುಧವಾರ ಸಾಲು ಚಿಕ್ಕದಿರುತ್ತದೆಂದು ಕೆಲವರು ಬೇಕೆಂದೇ ಅಂದು ಬರತೊಡಗಿದರು.

ಸುದ್ದಿ ಹರಡಿತು. ಒಂದು ದಿನ ಎದುರಿನ ಗ್ರಂಥಾಲಯದ ಮುಖ್ಯಸ್ಥೆ ಸಂಕೋಚದಿಂದ ಬಂದು ಕುಳಿತರು. ಸ್ವಂತ ಕೋಣೆಯಿಲ್ಲದ ಅವರಿಗೂ ಇಂಥದೊಂದು ವಿಭಾಗ ಬೇಕಿತ್ತು.

"ನಮ್ಮಲ್ಲಿ ಹಳೇ ಪುಸ್ತಕದ ವಾಸನೆ ಬಿಟ್ರೆ ಏನೂ ಇಲ್ಲ ಸಾರ್. ಅದನ್ನ ಸಮಿತಿಯವರು ಲೆಕ್ಕಕ್ಕೆ ತಗೊಳ್ಳಲ್ಲ."

ಕೋಣೆಯಿಲ್ಲದವರ ಸಂಕಟ ಬಲ್ಲ ಮೂಗುಸಾಹೇಬರು ಚೆನ್ನಾಗಿ ತುಂಬಿದ ಕಲ್ಲುಗಳನ್ನೇ ಆರಿಸಿ ಕಳುಹಿಸಿಕೊಟ್ಟರು. ಕಾಯಿಸುವ ಹದ ಕಲಿಸಲು ಅಕ್ಕನೇ ಹೋದಳು. ಗ್ರಂಥಾಲಯಕ್ಕೆ ಸುಲಭವಾಗಿ ಮಂಜೂರಾತಿ ಸಿಕ್ಕಿತು.

ವಾಚನಾಲಯದಲ್ಲಿ ಹಿರಿಯ ಓದುಗರೊಬ್ಬರು ಮಾತ್ರ ಪತ್ರಿಕೆಯಿಂದ ತಲೆಯೆತ್ತಿ, ಇದೇನಮ್ಮ ನಾತ ಎಂದು ಕೇಳಿದರು.

"ನಾತ ಅಲ್ಲ ಸಾರ್, ಅದು ನಮ್ಮ ಹೊಸ ವಿಭಾಗ," ಎಂದರು ಮುಖ್ಯಸ್ಥೆ.

ಹಿರಿಯರು ತಿಳಿಯದೆ ಕೇಳಿದ್ದಕ್ಕೆ ಕ್ಷಮೆ ಕೋರಿ, ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಓದು ಮುಂದುವರಿಸಿದರು.